ಮೀನಿನ ಹೊಟ್ಟೆ ಎಷ್ಟು? ಮೀನಿಗೆ ಊಟ ಎಷ್ಟು?

(ಮಹಿಳಾ ಸಂಘದ ಸಭೆಯಲ್ಲಿ ಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತು)



ನಮ್ಮ ಸಂಘ ಮೀನು ಸಾಕುತ್ತಿದೆ. ಅರ್ಧ ಎಕರೆಯ ಕೊಳ. ಅದರಲ್ಲಿ ಸಾವಿರ ಮೀನುಮರಿ. ಮರಿ ತರಲು ಸಂಘದ ಉಳಿತಾಯದ ಹಣ ಹೋಗಿದೆ. ಹಿಂಡಿಗೆ, ತೌಡಿಗೆ ಸಾಲ ತಂದಿದ್ದೇವೆ. ಮೀನು ಬೆಳೆದರೆ ಸಾಲ ತೀರುತ್ತದೆ. ಮೀನು ಸತ್ತರೆ ಸಾಲ ಉಳಿಯುತ್ತದೆ. ಇದು ನಿಮಗೆಲ್ಲ ಗೊತ್ತಿರುವ ಮಾತು.

ಕಳೆದ ವಾರ ನೀವು ಕೆಲವರು ಕೇಳಿದಿರಿ. "ಟೀಚರಮ್ಮ, ದಿನಾ ಬುಟ್ಟಿ ತುಂಬ ಹಾಕ್ತೀವಿ. ಆದ್ರೂ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡ್ತಾವೆ. ಹೊಟ್ಟೆ ತುಂಬಿಲ್ವಾ? ಇನ್ನೊಂದು ಬುಟ್ಟಿ ಹಾಕೋಣ್ವಾ?"

ಒಳ್ಳೆಯ ಪ್ರಶ್ನೆ. ಉತ್ತರ ಮೊದಲೇ ಹೇಳಿಬಿಡ್ತೀನಿ. ಹಾಕಬೇಡಿ. ಮುಂಜಾನೆ ಮೀನು ಬಾಯಿ ಬಿಡುವುದು ಹಸಿವಿನಿಂದಲ್ಲ. ಅದಕ್ಕೆ ಉಸಿರು ಸಾಲುತ್ತಿಲ್ಲ. ಆ ಹೊತ್ತಿನಲ್ಲಿ ಇನ್ನೊಂದು ಬುಟ್ಟಿ ಹಾಕಿದರೆ ಮೀನು ಸಾಯಬಹುದು. ಯಾಕೆ ಅಂತ ಈಗ ನೋಡೋಣ. ಅದಕ್ಕೆ ಮೀನಿನ ಹೊಟ್ಟೆಯಿಂದ ಶುರು ಮಾಡಬೇಕು.

ಮೀನಿನ ಹೊಟ್ಟೆಯೊಳಗೆ ಏನಿದೆ?

ನೀವೆಲ್ಲ ಮೀನು ಹೆಚ್ಚಿದವರು. ಕಾಟ್ಲಾ, ರೋಹು, ಮೃಗಾಲ್ ಹೆಚ್ಚುವಾಗ ನೆನಪು ಮಾಡಿಕೊಳ್ಳಿ. ಹೊಟ್ಟೆ ಸೀಳಿದರೆ ಏನು ಕಾಣುತ್ತದೆ? ಸಣ್ಣ ಕರುಳು ಸುತ್ತಿ ಸುತ್ತಿ ಗಂಟಿನ ಹಾಗೆ ಇರುತ್ತದೆ. ಪಕ್ಕದಲ್ಲಿ ಹಸಿರು ಪಿತ್ತದ ಚೀಲ ಇರುತ್ತದೆ. ಅದು ಒಡೆದರೆ ಸಾರೆಲ್ಲ ಕಹಿ. ಅದಕ್ಕೇ ನೀವು ಹುಷಾರಾಗಿ ತೆಗೀತೀರಿ.

ಆ ಕರುಳನ್ನು ಬಿಡಿಸಿ ನೆಲದ ಮೇಲೆ ಹಾಸಿ. ಮೀನಿನ ಉದ್ದಕ್ಕಿಂತ ಕರುಳು ಹಲವು ಪಟ್ಟು ಉದ್ದ ಇರುತ್ತದೆ. ಮಕ್ಕಳ ಕೈಲಿ ಅಳತೆ ಮಾಡಿಸಿ. ಅವರೂ ಕಲಿಯಲಿ.

ಕರುಳು ಕಾಣುತ್ತದೆ. ಪಿತ್ತ ಕಾಣುತ್ತದೆ. ಒಂದು ಮಾತ್ರ ಕಾಣುವುದಿಲ್ಲ. ಅದು ಜಠರ. ಅಂದರೆ ನಮಗೆ ಇರುವಂಥ ಊಟದ ಚೀಲ. ಹುಡುಕಿದರೂ ಸಿಗುವುದಿಲ್ಲ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಇವು ಯಾವುದಕ್ಕೂ ನಿಜವಾದ ಜಠರ ಇಲ್ಲ. ಕರುಳಿನ ಮೊದಲ ಭಾಗ ಸ್ವಲ್ಪ ಉಬ್ಬಿರುತ್ತದೆ, ಅಷ್ಟೇ.

ನಮ್ಮ ಮನೆಯ ಬೇರೆ ಪ್ರಾಣಿಗಳನ್ನು ನೋಡಿ. ಹಸು ಗಬಗಬ ಮೇಯುತ್ತದೆ. ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದೆ. ಅದಕ್ಕೆ ಮೇವು ಕೂಡಿಡುವ ದೊಡ್ಡ ಹೊಟ್ಟೆ ಇದೆ. ಕೋಳಿಗೆ ಕತ್ತಿನ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲ ಇದೆ. ಕೊರವ ಮೀನು ಬೇರೆ ಮೀನನ್ನು ಇಡಿಯಾಗಿ ನುಂಗುತ್ತದೆ. ಅದಕ್ಕೂ ಜಠರ ಇದೆ. ನಮ್ಮ ಗೆಂಡೆ ಜಾತಿಯ ಮೀನಿಗೆ ಅಂಥ ಚೀಲ ಇಲ್ಲ. ಅದು ತಿಂದದ್ದು ನೇರ ಕರುಳಿಗೆ ಹೋಗುತ್ತದೆ.

ಹಲ್ಲಿನ ಕಥೆಯೂ ಬೇರೆ. ಈ ಮೀನುಗಳ ದವಡೆಯಲ್ಲಿ ಹಲ್ಲಿಲ್ಲ. ಬಾಯಲ್ಲಿ ಬೆರಳಿಟ್ಟರೂ ಕಚ್ಚುವುದಿಲ್ಲ. ಹಲ್ಲು ಇರುವುದು ಗಂಟಲಿನಲ್ಲಿ. ತಿಂದದ್ದನ್ನು ಅಲ್ಲಿ ಅರೆದು ಒಳಗೆ ಕಳಿಸುತ್ತದೆ. ಮುಂದಿನ ಕೆಲಸವೆಲ್ಲ ಕರುಳಿನದು. ಪಿತ್ತ ಮತ್ತು ಬೇರೆ ರಸಗಳು ಸೇರಿ ಆಹಾರವನ್ನು ಕರಗಿಸುತ್ತವೆ. ಕರುಳು ಸಾರ ಹೀರಿಕೊಳ್ಳುತ್ತದೆ. ಉಳಿದದ್ದು ಹೊರಗೆ ಹೋಗುತ್ತದೆ.

ಇದರಿಂದ ನಾವು ಕಲಿಯುವ ಪಾಠ ಏನು? ಕೂಡಿಡುವ ಚೀಲ ಇಲ್ಲದ ಪ್ರಾಣಿಗೆ ಒಂದೇ ಸಲ ಬುಟ್ಟಿ ತುಂಬ ಹಾಕಬಾರದು. ಹಾಕಿದರೆ ಸ್ವಲ್ಪ ತಿನ್ನುತ್ತದೆ. ಮಿಕ್ಕಿದ್ದು ಕೆಸರಿಗೆ ಹೋಗುತ್ತದೆ. ಸ್ವಲ್ಪ ಸ್ವಲ್ಪ ಹಾಕಬೇಕು. ದಿನಕ್ಕೆ ಎರಡು ಸಲ ಹಾಕಬೇಕು. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಹಾಕಬೇಕು. ಕೆಲವು ದಿನದಲ್ಲಿ ಮೀನು ಹೊತ್ತು ಕಲಿತುಕೊಳ್ಳುತ್ತದೆ. ನೀವು ಬರುವ ವೇಳೆಗೆ ತಾನೇ ಅಲ್ಲಿಗೆ ಬಂದಿರುತ್ತದೆ.

ಮೂರು ಮೀನು, ಮೂರು ಅಂತಸ್ತು

ಕಾಟ್ಲಾ, ರೋಹು, ಮೃಗಾಲ್ ಮೂರೂ ಉತ್ತರದ ಗಂಗಾ ನದಿಯ ಕಡೆಯ ಮೀನುಗಳು. ಮೊದಲು ಇವುಗಳ ಮರಿಯನ್ನು ನದಿಯಲ್ಲೇ ಹಿಡಿದು ತರಬೇಕಿತ್ತು. ಇವು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಇವಕ್ಕೆ ಸೂಜಿಮದ್ದು ಕೊಟ್ಟು ಮೊಟ್ಟೆ ಇಡಿಸಿದರು. ಅಲ್ಲಿಂದ ಮರಿ ಸಾಕಣೆ ಸುಲಭ ಆಯಿತು. ನಮ್ಮ ಊರಿನ ಕೊಳಕ್ಕೂ ಮರಿ ಬಂತು. ಆ ಕೆಲಸದ ನೆನಪಿಗೆ ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ದೇಶದಲ್ಲಿ ಆಚರಿಸುತ್ತಾರೆ.

ಮೂರನ್ನೂ ಒಂದೇ ಕೊಳದಲ್ಲಿ ಯಾಕೆ ಬಿಡುತ್ತೇವೆ? ಮೂರೂ ಬೇರೆ ಬೇರೆ ಕಡೆ ಮೇಯುತ್ತವೆ.

ಕಾಟ್ಲಾದ ತಲೆ ದೊಡ್ಡದು. ಬಾಯಿ ಮೇಲಕ್ಕೆ ತಿರುಗಿದೆ. ಅದು ಮೇಲಿನ ನೀರಿನಲ್ಲಿ ಸಣ್ಣ ಸಣ್ಣ ಹುಳು ತಿನ್ನುತ್ತದೆ.

ರೋಹು ನಡುನೀರಿನಲ್ಲಿ ಇರುತ್ತದೆ. ಪಾಚಿ, ಗಿಡದ ಚೂರು ತಿನ್ನುತ್ತದೆ.

ಮೃಗಾಲ್ ತಳದಲ್ಲಿ ಇರುತ್ತದೆ. ಕೆಸರಿನಲ್ಲಿ ಕೊಳೆತದ್ದನ್ನು ತಿನ್ನುತ್ತದೆ.

ಒಂದೇ ಮನೆಯಲ್ಲಿ ಮೂವರು ವಾರಗಿತ್ತಿಯರು ಬೇರೆ ಬೇರೆ ಒಲೆ ಹೂಡಿದ ಹಾಗೆ. ಜಗಳ ಇಲ್ಲ.

ಆದ್ದರಿಂದ ಮೀನಿನ ಮೊದಲ ಊಟ ನಾವು ಹಾಕುವ ಹಿಂಡಿ ಅಲ್ಲ, ಕೊಳದ ಹಸಿರು ನೀರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇದೆ, ಸಣ್ಣ ಹುಳು ಇದೆ. ಸಗಣಿ ಗೊಬ್ಬರ ಹಾಕುವುದು ಇವು ಬೆಳೆಯಲಿ ಅಂತ.

ನೀರಿನಲ್ಲಿ ಆಹಾರ ಸಾಕಷ್ಟು ಇದೆಯೇ? ಇದನ್ನು ನಿಮ್ಮ ಕೈಯೇ ಹೇಳುತ್ತದೆ. ಬಿಸಿಲಿರುವಾಗ ಕೈಯನ್ನು ನೇರವಾಗಿ ನೀರಿಗೆ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಾಣದೆ ಹೋಯಿತೇ? ಹಾಗಾದರೆ ನೀರು ಸರಿ ಇದೆ. ಮೊಣಕೈ ಮುಳುಗಿದರೂ ಅಂಗೈ ಚೆನ್ನಾಗಿ ಕಾಣುತ್ತಿದೆಯೇ? ನೀರಿನಲ್ಲಿ ಆಹಾರ ಕಡಿಮೆ. ಸ್ವಲ್ಪ ಗೊಬ್ಬರ ಬೇಕು. ಮಣಿಕಟ್ಟು ಮುಳುಗುವ ಮೊದಲೇ ಅಂಗೈ ಮಾಯವಾಯಿತೇ? ಪಾಚಿ ವಿಪರೀತ ಆಗಿದೆ. ಗೊಬ್ಬರ ನಿಲ್ಲಿಸಿ. ಕೆಸರು ಕದಡಿದ ನೀರಿನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ನೀರು ತಿಳಿಯಾದ ಮೇಲೆ ನೋಡಿ.

ಎಷ್ಟು ಹಾಕಬೇಕು? ಲೆಕ್ಕ ಮಾಡೋಣ

ನಾವು ಹಾಕುವುದು ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು. ಎರಡೂ ಸಮಸಮ. ಹಿಂಡಿಯಲ್ಲಿ ಮೈ ಬೆಳೆಸುವ ಸತ್ವ ಇದೆ. ತೌಡಿನಲ್ಲಿ ಶಕ್ತಿ ಇದೆ. ಹಿಂಡಿಯನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ತೌಡು ಸೇರಿಸಿ ಮುದ್ದೆ ಹಾಗೆ ಕಲಸಿ.

ಎಷ್ಟು ಹಾಕಬೇಕು ಅನ್ನುವುದು ಮೀನಿನ ತೂಕದ ಮೇಲೆ ಇದೆ. ಮರಿ ಚಿಕ್ಕದಿರುವಾಗ ಪ್ರತಿ 100 ಕಿಲೋ ಮೀನಿಗೆ ದಿನಕ್ಕೆ 5 ಕಿಲೋ. ಸ್ವಲ್ಪ ಬೆಳೆದ ಮೇಲೆ 3 ಕಿಲೋ. ಚೆನ್ನಾಗಿ ದೊಡ್ಡದಾದ ಮೇಲೆ 2 ಕಿಲೋ ಸಾಕು. ಎಳೆಯ ಮಗು ಬೇಗ ಬೇಗ ಬೆಳೆಯುತ್ತದೆ, ಮೈತೂಕಕ್ಕೆ ಹೋಲಿಸಿದರೆ ಹೆಚ್ಚು ಉಣ್ಣುತ್ತದೆ. ಮೀನೂ ಹಾಗೇ.

ಕೊಳದ ಮೀನನ್ನೆಲ್ಲ ತೂಗುವುದು ಹೇಗೆ? ಎಲ್ಲವನ್ನೂ ತೂಗಬೇಕಾಗಿಲ್ಲ. ತಿಂಗಳಿಗೊಮ್ಮೆ ಬೀಸುಬಲೆ ಹಾಕಿಸಿ. ಮೂರೂ ಜಾತಿ ಸೇರಿ ಹತ್ತು ಮೀನು ತೂಗಿ. ತೂಗಿದ ಕೂಡಲೇ ನೀರಿಗೆ ಬಿಡಿ.

ಹತ್ತು ಮೀನು ಸೇರಿ 1 ಕಿಲೋ ಬಂತು ಅನ್ನಿ. ಆಗ ಒಂದು ಮೀನು 100 ಗ್ರಾಂ. ಸಾವಿರ ಮರಿ ಬಿಟ್ಟಿದ್ದೇವೆ. ಎಲ್ಲವೂ ಉಳಿಯುವುದಿಲ್ಲ. 800 ಉಳಿದಿವೆ ಅಂತ ಇಟ್ಟುಕೊಳ್ಳಿ.

800 ಮೀನು, ಒಂದೊಂದು 100 ಗ್ರಾಂ. ಒಟ್ಟು 80 ಕಿಲೋ.

100 ಕಿಲೋಗೆ 3 ಕಿಲೋ ಆಹಾರ. 80 ಕಿಲೋಗೆ 2 ಕಿಲೋ 400 ಗ್ರಾಂ.

ಇದರಲ್ಲಿ ಹಿಂಡಿ 1 ಕಿಲೋ 200 ಗ್ರಾಂ. ತೌಡು 1 ಕಿಲೋ 200 ಗ್ರಾಂ. ಕಲಸಿದ್ದರಲ್ಲಿ ಅರ್ಧ ಬೆಳಿಗ್ಗೆ, ಅರ್ಧ ಮಧ್ಯಾಹ್ನ. ನೆನೆಸಿದರೆ ತೂಕ ಹೆಚ್ಚುತ್ತದೆ. ಆದ್ದರಿಂದ ಒಣಗಿರುವಾಗಲೇ ತೂಗಿಕೊಳ್ಳಿ.

ಈಗ ನಮ್ಮ ಬುಟ್ಟಿ ನೋಡಿ. ಬುಟ್ಟಿ ತುಂಬ ಅಂದರೆ ಎಷ್ಟು? 4 ಕಿಲೋ ಹಿಡಿಯುತ್ತದೆ ಅನ್ನಿ. ದಿನಾ 4 ಕಿಲೋ ಹಾಕಿದರೆ 30 ದಿನಕ್ಕೆ 120 ಕಿಲೋ. ಮೀನಿಗೆ ಬೇಕಾದದ್ದು ದಿನಕ್ಕೆ 2 ಕಿಲೋ 400 ಗ್ರಾಂ. 30 ದಿನಕ್ಕೆ 72 ಕಿಲೋ. ಉಳಿದ 48 ಕಿಲೋ ಎಲ್ಲಿ ಹೋಯಿತು? ಕೊಳದ ತಳಕ್ಕೆ ಹೋಯಿತು. ಸಾಲದ ಹಣದಲ್ಲಿ ಕೊಂಡ ಹಿಂಡಿ ಕೆಸರಾಯಿತು. ಮೀನು ಸಾಕುವವರಿಗೆ ಎಲ್ಲಕ್ಕಿಂತ ದೊಡ್ಡ ಖರ್ಚು ಆಹಾರದ್ದೇ.

ಮುಂದಿನ ತಿಂಗಳು ಮತ್ತೆ ತೂಗಿ. ಮೀನು ಬೆಳೆದಿದ್ದರೆ ಲೆಕ್ಕ ಹೊಸದಾಗಿ ಮಾಡಿ. ಅಂದಾಜಿನ ಮೇಲೆ ಹೆಚ್ಚಿಸಬೇಡಿ.

ಹಾಕುವುದು ಹೇಗೆ?

ನೀರಿಗೆ ಎರಚಬೇಡಿ. ಎರಚಿದ್ದು ಮೀನಿಗೆ ಸಿಗುವ ಮೊದಲೇ ಕರಗಿಹೋಗುತ್ತದೆ. ಅಗಲವಾದ ತಟ್ಟೆ ಅಥವಾ ಬಿದಿರಿನ ಮೊರಕ್ಕೆ ನಾಲ್ಕು ಕಡೆ ಹಗ್ಗ ಕಟ್ಟಿ. ಗೂಟಕ್ಕೆ ತೂಗುಹಾಕಿ ನೀರಿಗೆ ಇಳಿಬಿಡಿ. ಕೊಳದಲ್ಲಿ ಎರಡು ಮೂರು ಕಡೆ ಹೀಗೆ ಮಾಡಿ. ಒಂದನ್ನು ಮೇಲಕ್ಕೆ, ಒಂದನ್ನು ಸ್ವಲ್ಪ ಕೆಳಕ್ಕೆ ಕಟ್ಟಿ. ಆಗ ಮೂರೂ ಮೀನಿಗೆ ಸಿಗುತ್ತದೆ. ಆಂಧ್ರದ ಕೊಲ್ಲೇರು ಸರೋವರದ ಸುತ್ತಿನ ರೈತರು ಚೀಲಕ್ಕೆ ತೂತು ಮಾಡಿ, ಅದರಲ್ಲಿ ತೌಡು ಹಿಂಡಿ ತುಂಬಿ, ಗಳಕ್ಕೆ ಕಟ್ಟುತ್ತಾರೆ. ಮೀನು ತೂತಿಗೆ ಬಾಯಿ ಹಾಕಿ ಬೇಕಾದಷ್ಟು ತಿನ್ನುತ್ತದೆ. ನಾವೂ ಹಾಗೆ ಮಾಡಬಹುದು.

ಹಾಕಿ ಎರಡು ಗಂಟೆ ಆದ ಮೇಲೆ ತಟ್ಟೆ ಎತ್ತಿ ನೋಡಿ. ಖಾಲಿ ಆಗಿದ್ದರೆ ಸರಿ. ಉಳಿದಿದ್ದರೆ ಮುಂದಿನ ಸಲ ಅಷ್ಟು ಕಡಿಮೆ ಹಾಕಿ. ಉಳಿದದ್ದನ್ನು ಕೊಳಕ್ಕೆ ಸುರಿಯಬೇಡಿ. ಹೊರಗೆ ತಿಪ್ಪೆಗೆ ಹಾಕಿ, ತಟ್ಟೆ ತೊಳೆಯಿರಿ. ಮನೆಯಲ್ಲಿ ಮಗು ತಟ್ಟೆಯಲ್ಲಿ ಅನ್ನ ಬಿಟ್ಟರೆ ಮೈ ಮುಟ್ಟಿ ನೋಡ್ತೀವಿ. ಮೀನಿನ ತಟ್ಟೆಯಲ್ಲೂ ಹಾಗೇ. ದಿನಾ ಖಾಲಿ ಮಾಡುತ್ತಿದ್ದ ಮೀನು ಇವತ್ತು ಬಿಟ್ಟಿದೆ ಅಂದರೆ ಏನೋ ಆಗಿದೆ. ನೀರು ನೋಡಿ. ಮೀನಿನ ಮೈ ಮೇಲೆ ಗಾಯ ಇದೆಯೇ ನೋಡಿ.

ಈಗ ಅಂಗಡಿಯಲ್ಲಿ ಗುಳಿಗೆ ಆಹಾರವೂ ಸಿಗುತ್ತದೆ. ಕೆಲವು ನೀರಿನ ಮೇಲೆ ತೇಲುತ್ತವೆ. ಮೀನು ಎಷ್ಟು ತಿಂದಿತು ಅಂತ ಕಣ್ಣಿಗೆ ಕಾಣುತ್ತದೆ. ಬೆಲೆ ಹೆಚ್ಚು. ಇದನ್ನೂ ತೂಗಿಯೇ ಹಾಕಬೇಕು.

ಹಿಂಡಿ ಯಾವುದೇ ಇರಲಿ, ಬೂಷ್ಟು ಹಿಡಿದದ್ದು ಬೇಡ. ಕಡಲೆಕಾಯಿ ಹಿಂಡಿಗೆ ತೇವ ತಗುಲಿದರೆ ಬೇಗ ಬೂಷ್ಟು ಬರುತ್ತದೆ. ಆ ಬೂಷ್ಟಿನಲ್ಲಿ ವಿಷ ಇರಬಹುದು. ಅದು ಮೀನಿನ ಈಲಿ ಕೆಡಿಸುತ್ತದೆ. ಚೀಲವನ್ನು ನೆಲದ ಮೇಲೆ ಇಡಬೇಡಿ. ಹಲಗೆ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ.

ಯಾವ ಹೊತ್ತಿಗೆ ಹಾಕಬೇಕು?

ಈಗ ಮುಖ್ಯ ಮಾತಿಗೆ ಬಂದೆವು.

ಮೀನು ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಕಿವಿರಿನಿಂದ ಉಸಿರಾಡುತ್ತದೆ. ಈ ಪ್ರಾಣವಾಯುವಿಗೆ ಆಮ್ಲಜನಕ ಅಂತಲೂ ಹೆಸರು. ಕೊಳಕ್ಕೆ ಅದು ಎಲ್ಲಿಂದ ಬರುತ್ತದೆ? ಸ್ವಲ್ಪ ಗಾಳಿಯಿಂದ. ಹೆಚ್ಚಿನ ಪಾಲು ನೀರಿನ ಹಸಿರು ಪಾಚಿಯಿಂದ. ಬಿಸಿಲು ಇರುವಾಗ ಪಾಚಿ ಪ್ರಾಣವಾಯು ಕೊಡುತ್ತದೆ. ಕತ್ತಲಾದ ಮೇಲೆ ಕೊಡುವುದಿಲ್ಲ. ರಾತ್ರಿ ಪಾಚಿಯೂ ಉಸಿರಾಡಬೇಕು. ಮೀನೂ ಉಸಿರಾಡಬೇಕು. ತಳದಲ್ಲಿ ಕೊಳೆಯುವ ಹಿಂಡಿ, ಸಗಣಿ ಕೂಡ ಪ್ರಾಣವಾಯು ತಿನ್ನುತ್ತವೆ. ಸಂಜೆ ತುಂಬಿದ್ದ ಕೊಡದಿಂದ ರಾತ್ರಿಯಿಡೀ ಎಲ್ಲರೂ ನೀರು ಮೊಗೆದರೆ ಬೆಳಿಗ್ಗೆ ಏನು ಉಳಿಯುತ್ತದೆ? ಹಾಗೇ ಸೂರ್ಯ ಹುಟ್ಟುವ ಮೊದಲು ಕೊಳದಲ್ಲಿ ಪ್ರಾಣವಾಯು ತೀರ ಕಡಿಮೆ ಇರುತ್ತದೆ.

ಅದಕ್ಕೇ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಮೇಲಿನ ನೀರಿನಲ್ಲಿ ಉಸಿರು ಸ್ವಲ್ಪ ಸಿಗುತ್ತದೆ ಅಂತ ಬರುತ್ತದೆ.

ಇನ್ನೊಂದು ಮಾತು. ತಿಂದದ್ದು ಅರಗಬೇಕಾದರೂ ಪ್ರಾಣವಾಯು ಬೇಕು. ಊಟ ಆದ ಮೇಲೆ ಮೀನಿಗೆ ಉಸಿರು ಇನ್ನೂ ಹೆಚ್ಚು ಬೇಕಾಗುತ್ತದೆ. ಉಸಿರೇ ಇಲ್ಲದ ಹೊತ್ತಿನಲ್ಲಿ ಆಹಾರ ಹಾಕಿದರೆ ಏನಾಗುತ್ತದೆ? ತಿಂದ ಮೀನು ಒದ್ದಾಡುತ್ತದೆ. ತಿನ್ನದೆ ಉಳಿದದ್ದು ಕೊಳೆತು ಇನ್ನಷ್ಟು ಉಸಿರು ಕಸಿಯುತ್ತದೆ. ಒಂದೇ ರಾತ್ರಿಯಲ್ಲಿ ಕೊಳದ ಮೀನೆಲ್ಲ ಸತ್ತು ತೇಲಬಹುದು. ಒಂದು ವರ್ಷದ ದುಡಿಮೆ ಒಂದು ಬೆಳಗಿಗೆ ಹೋಗಬಹುದು. ಹಸಿದಿವೆ ಅಂತ ಕನಿಕರದಿಂದ ಹಾಕಿದ ಬುಟ್ಟಿಯೇ ಅದಕ್ಕೆ ಕಾರಣ ಆಗಬಹುದು.

ಆದ್ದರಿಂದ ಬಿಸಿಲು ಏರಿದ ಮೇಲೆ ಹಾಕಿ. ಬೆಳಿಗ್ಗೆ ಎಂಟೂವರೆ ಒಂಬತ್ತರ ಹೊತ್ತಿಗೆ ಒಂದು ಸಲ. ಮಧ್ಯಾಹ್ನ ಮೂರರಿಂದ ನಾಲ್ಕರ ಒಳಗೆ ಇನ್ನೊಂದು ಸಲ. ಕತ್ತಲಾದ ಮೇಲೆ ಬೇಡವೇ ಬೇಡ.

ಮುಂಜಾನೆ ಮೀನು ಬಾಯಿ ಬಿಡುತ್ತಿದ್ದರೆ ಹೀಗೆ ಮಾಡಿ. ಆ ದಿನ ಆಹಾರ ನಿಲ್ಲಿಸಿ. ಸಗಣಿ ಗೊಬ್ಬರ ನಿಲ್ಲಿಸಿ. ಪಂಪು ಇದ್ದರೆ ಹೊಸ ನೀರು ಬಿಡಿ. ನೀರು ಮೇಲಿನಿಂದ ಚಿಮ್ಮಿ ಬೀಳಲಿ. ಪಂಪು ಇಲ್ಲದಿದ್ದರೆ ನಾಲ್ಕು ಜನ ಸೇರಿ ಗಳದಿಂದ ಮೇಲಿನ ನೀರು ಬಡಿಯಿರಿ. ಗಾಳಿ ಸೇರುತ್ತದೆ. ತಳದ ಕೆಸರು ಕದಡಬೇಡಿ. ಬಿಸಿಲು ಬಂದ ಮೇಲೂ ಮೀನು ಕೆಳಗೆ ಇಳಿಯದಿದ್ದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ತಡ ಮಾಡದೆ ತಿಳಿಸಿ.

ಕಾಲ ನೋಡಿ ಊಟ

ನಮ್ಮ ಮೈ ಬೇಸಿಗೆಯಲ್ಲೂ ಚಳಿಯಲ್ಲೂ ಒಂದೇ ಬಿಸಿ ಇರುತ್ತದೆ. ಮೀನಿನ ಮೈ ಹಾಗಲ್ಲ. ನೀರು ತಣ್ಣಗಾದರೆ ಮೀನಿನ ಮೈಯೂ ತಣ್ಣಗಾಗುತ್ತದೆ. ಆಗ ಕರುಳಿನ ಕೆಲಸ ನಿಧಾನ. ಈ ಮೀನುಗಳಿಗೆ 25ರಿಂದ 30 ಡಿಗ್ರಿ ಬಿಸಿಯ ನೀರು ಹಿತ. 20 ಡಿಗ್ರಿಗಿಂತ ಕೆಳಗೆ ಹೋದರೆ ತಿನ್ನುವುದು ಬಹಳ ಕಡಿಮೆ.

ಆದ್ದರಿಂದ ಡಿಸೆಂಬರ್, ಜನವರಿ ಚಳಿಯಲ್ಲಿ ಆಹಾರ ಕಡಿಮೆ ಮಾಡಿ. ಬೆಳಿಗ್ಗೆ ಇನ್ನೂ ತಡವಾಗಿ ಹಾಕಿ.

ಮಳೆಗಾಲದಲ್ಲಿ ಮೋಡ ಕವಿದ ದಿನ ಬಿಸಿಲಿಲ್ಲ. ಪಾಚಿ ಪ್ರಾಣವಾಯು ಕೊಡುವುದು ಕಡಿಮೆ. ಆ ದಿನ ಅರ್ಧ ಹಾಕಿ. ಎರಡು ಮೂರು ದಿನ ಒಂದೇ ಸಮ ಮೋಡ ಇದ್ದರೆ ಪೂರ್ತಿ ನಿಲ್ಲಿಸಿ. ಮೀನು ಉಪವಾಸ ಸಾಯುತ್ತದೆ ಅನ್ನುವ ಭಯ ಬೇಡ. ಒಂದೆರಡು ದಿನ ಹಾಕದಿದ್ದರೆ ಮೀನಿಗೆ ಏನೂ ಆಗುವುದಿಲ್ಲ. ಕೊಳದ ಪಾಚಿ, ಹುಳು ಇದ್ದೇ ಇರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕೊಳದ ನೀರು ಇಳಿಯುತ್ತದೆ. ನೀರು ಕಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. ಆಗಲೂ ಎಚ್ಚರ ಬೇಕು.

ಮೀನು ಹಿಡಿಯುವ ಹಿಂದಿನ ದಿನ ಆಹಾರ ಹಾಕಬೇಡಿ. ಕರುಳು ಖಾಲಿ ಇದ್ದರೆ ಮೀನು ಬೇಗ ಕೆಡುವುದಿಲ್ಲ. ಮರಿಯನ್ನು ದೂರ ಸಾಗಿಸುವಾಗಲೂ ಇದೇ ಪದ್ಧತಿ. ಹೊಟ್ಟೆ ತುಂಬಿದ ಮರಿ ಹಾದಿಯಲ್ಲಿ ನೀರು ಕೆಡಿಸಿ ಸಾಯುತ್ತದೆ.

ಬರೆದಿಡಿ

ಇಷ್ಟೆಲ್ಲ ನೆನಪಿಡುವುದು ಹೇಗೆ? ಬರೆದಿಡಿ. ಈಗ ನಿಮಗೆ ಬರೆಯಲು ಬರುತ್ತದೆ. ಒಂದು ನೋಟು ಪುಸ್ತಕ ಸಾಕು. ದಿನಕ್ಕೆ ಒಂದು ಸಾಲು ಸಾಕು. ಹೀಗೆ:

ಸೋಮವಾರ. ಬಿಸಿಲು. 2 ಕಿಲೋ 400 ಗ್ರಾಂ ಹಾಕಿದೆ. ತಟ್ಟೆ ಖಾಲಿ.

ಮಂಗಳವಾರ. ಮೋಡ. 1 ಕಿಲೋ 200 ಗ್ರಾಂ ಹಾಕಿದೆ. ಸ್ವಲ್ಪ ಉಳಿಯಿತು.

ಬುಧವಾರ. ಮಳೆ. ಬೆಳಿಗ್ಗೆ ಮೀನು ಬಾಯಿ ಬಿಟ್ಟಿತು. ಆಹಾರ ಹಾಕಲಿಲ್ಲ.

ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ದಿನ ಹೋಗ್ತೀರಿ. ನಿನ್ನೆ ಹೋದವರು ಬರೆದದ್ದನ್ನು ಇವತ್ತು ಹೋಗುವವರು ಓದಬೇಕು. ಆಗ ಒಬ್ಬರು ಹಾಕಿದ್ದು ತಿಳಿಯದೆ ಇನ್ನೊಬ್ಬರು ಹಾಕುವುದು ತಪ್ಪುತ್ತದೆ. ತಿಂಗಳ ಕೊನೆಗೆ ಕೂಡಿಸಿ ನೋಡಿ. ಎಷ್ಟು ಚೀಲ ತಂದೆವು, ಎಷ್ಟು ಹಾಕಿದೆವು, ಮೀನು ಎಷ್ಟು ತೂಕ ಬಂತು, ಎಲ್ಲ ನಿಮ್ಮ ಕೈಯಲ್ಲೇ ಇರುತ್ತದೆ. ಅಂಗಡಿಯವರು "ಇನ್ನೂ ಎರಡು ಚೀಲ ಒಯ್ಯಿರಿ" ಅಂದರೆ ಪುಸ್ತಕ ತೆಗೆದು ನೋಡಿ. ಮೀನು ಕೊಳ್ಳಲು ಬಂದವರು "ನಿಮ್ಮ ಮೀನು ಅರ್ಧ ಕಿಲೋನೂ ಇಲ್ಲ" ಅಂದರೂ ಪುಸ್ತಕ ತೆಗೆದು ನೋಡಿ. ಮನೆಯವರು ಲೆಕ್ಕ ಕೇಳಿದರೆ ಪುಸ್ತಕವನ್ನೇ ಮುಂದಿಡಿ.

ನೆನಪಿಡಿ

ಮೀನಿಗೆ ಊಟ ಕೂಡಿಡುವ ಚೀಲ ಇಲ್ಲ. ಸ್ವಲ್ಪ ಸ್ವಲ್ಪ, ಎರಡು ಸಲ ಹಾಕಿ.

ತೂಗಿ ಹಾಕಿ. ಬುಟ್ಟಿ ಲೆಕ್ಕ ಬೇಡ.

ಬಿಸಿಲು ಏರಿದ ಮೇಲೆ ಹಾಕಿ.

ತಟ್ಟೆ ಎತ್ತಿ ನೋಡಿ.

ಮೋಡದ ದಿನ ಅರ್ಧ ಹಾಕಿ.

ಮುಂಜಾನೆ ಮೀನು ಬಾಯಿ ಬಿಟ್ಟರೆ ಆಹಾರ ಬೇಡ. ಗಾಳಿ ಕೊಡಿ, ನೀರು ಕೊಡಿ.

ನಾಳೆ ಯಾರ ಸರದಿಯೋ ಅವರು ತಕ್ಕಡಿ, ಪುಸ್ತಕ ಎರಡನ್ನೂ ಕೊಳಕ್ಕೆ ಒಯ್ಯಿರಿ. ಮೊದಲ ಸಾಲು ಬರೆಯಿರಿ. ಮುಂದಿನ ಸಭೆಯಲ್ಲಿ ಎಲ್ಲರೂ ಕೂತು ಅದನ್ನು ಓದೋಣ.